ಮನೆಯ ಹಳೆಯ ಮೋಟಾರು ಸೈಕಲ್ಲು



ಹಳೆಯ ಮೋಟಾರು ಸೈಕಲ್ಲನ್ನು ಮಾರದೆ ಮನೆಯಲ್ಲಿ ಇರಿಸಿಕೊಂಡಿರುವವರನ್ನು ಕಂಡಾಗ, ಅದು ಗತಕಾಲದ ವ್ಯಾಮೋಹವೆಂದು ತಿಳಿಯುವವರೇ ಹೆಚ್ಚು. ವ್ಯಾಮೋಹ ಅದರಲ್ಲಿ ಇಲ್ಲದಿಲ್ಲ. ತಂದೆ ಸಂಬಳದಲ್ಲಿ ಉಳಿಸಿ ಕೊಂಡ, ತಾಯಿ ಹಿಂದಿನ ಸೀಟಿನಲ್ಲಿ ಕುಳಿತು ದೇವಸ್ಥಾನಕ್ಕೂ ತವರಿಗೂ ಹೋಗಿಬಂದ ಯಂತ್ರವನ್ನು ಗುಜರಿಯವನ ತಕ್ಕಡಿಗೆ ಹಾಕಲು ಯಾರಿಗೂ ಮನಸ್ಸು ಬಾರದು. ಆದರೆ ನಾನು ಈ ಹೊತ್ತು ಹೇಳಬೇಕೆಂದಿರುವುದು ಅದರ ಬೇರೊಂದು ಪ್ರಯೋಜನವನ್ನು ಕುರಿತು. ಗಾತ್ರದಲ್ಲಿ ಸಣ್ಣದಾಗಿ, ರಚನೆಯಲ್ಲಿ ಸರಳವಾಗಿ, ತನ್ನೊಳಗೆ ನಡೆಯುವುದನ್ನೆಲ್ಲ ಸವಾರನ ಕಣ್ಣು ಕಿವಿ ಕೈಗಳಿಗೆ ಮರೆಮಾಚದೆ ತಿಳಿಸಿಬಿಡುವ ಹಳೆಯ ಮೋಟಾರು ಸೈಕಲ್ಲು, ಮನೆಯ ಹೆಂಗಸರಿಗೂ ವಯಸ್ಸಿಗೆ ಬಂದ ಮಕ್ಕಳಿಗೂ ಸವಾರಿಯನ್ನು ಕಲಿಸುವುದಕ್ಕೆ ಹೊಸ ಯಂತ್ರಕ್ಕಿಂತ ಯೋಗ್ಯವಾದ ಸಾಧನವೆಂಬುದು ನನ್ನ ದೃಢವಾದ ನಂಬಿಕೆ.

ಮೈಸೂರಿನಲ್ಲಿ ಕುಳಿತು ಈ ವಿಷಯವನ್ನು ಮಾತನಾಡುವವನು ಯಾದವಗಿರಿಯನ್ನು ನೆನೆಯದೆ ಮುಂದೆ ಹೋಗಲಾರ. ಮೈಸೂರು ಬಾನುಲಿ ನಿಲಯವಿರುವ ಆ ಬಡಾವಣೆಯಲ್ಲಿಯೇ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರು ಸೈಕಲ್ಲುಗಳ ತಯಾರಿಕೆಯನ್ನು ಆರಂಭಿಸಿತು. ಮೂಲ ವಿನ್ಯಾಸ ಜೆಕೊಸ್ಲೊವಾಕಿಯಾ ದೇಶದ್ದು. ಅಲ್ಲಿ 1929ರಿಂದ ಮೋಟಾರು ಸೈಕಲ್ಲುಗಳನ್ನು ಮಾಡುತ್ತ ಬಂದಿದ್ದ ಜಾವಾ ಸಂಸ್ಥೆಯ ಪರವಾನಗಿಯನ್ನು ಪಡೆದು, ರುಸ್ತುಂ ಇರಾನಿಯವರ ಮುಂದಾಳುತನದಲ್ಲಿ ನಮ್ಮ ಊರಿನ ಕೈಗಳು ಆ ಯಂತ್ರವನ್ನು ಕಟ್ಟಿದವು. 1973ರಿಂದ ಅದೇ ವಂಶದ ವಾಹನಗಳು ಯೆಜ್ಡಿ ಎಂಬ ಹೆಸರಿನಿಂದ ಹೊರಬಂದವು; 1978ರಲ್ಲಿ ಬಂದ ರೋಡ್‌ಕಿಂಗ್ ಮಾದರಿಯನ್ನು ಕಾಣದ ಕಾಲೇಜು ಆವರಣ ಆ ದಿನಗಳಲ್ಲಿ ಇದ್ದಿರಲಾರದು. ಎಂಬತ್ತರ ದಶಕದ ನಡುಭಾಗದಲ್ಲಿ ಜಪಾನೀ ಸಹಯೋಗದ ನೂರು ಸಿ.ಸಿ. ಬೈಕುಗಳು, ಅಂದರೆ ಇಂಡ್-ಸುಜುಕಿ, ಹೀರೋ ಹೋಂಡಾ ಸಿ.ಡಿ. 100, ಯಮಾಹಾ ಆರ್.ಎಕ್ಸ್. 100 ಮೊದಲಾದವು, ಕಡಿಮೆ ತೂಕ ಕಡಿಮೆ ಖರ್ಚುಗಳೆಂಬ ಆಕರ್ಷಣೆಯೊಡನೆ ಬಂದಮೇಲೆ ಯಾದವಗಿರಿಯ ವ್ಯಾಪಾರ ಕ್ಷೀಣಿಸುತ್ತ ಹೋಗಿ, 1996ರಲ್ಲಿ ಕಾರ್ಖಾನೆ ಮುಚ್ಚಿಹೋಯಿತು. ಮುಚ್ಚಿಹೋದುದು ಕಾರ್ಖಾನೆಯೇ ಹೊರತು ಅದರ ವಿದ್ಯೆಯಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಆಚರಿಸಿ ಒಂದೆಡೆ ನೆರೆಯುವ ಮಂದಿಯ ನಡುವೆ ನಿಂತರೆ, ಅಜ್ಜ ಕೊಂಡ ಗಾಡಿಯನ್ನು ಮೊಮ್ಮಗ ಓಡಿಸಿಕೊಂಡು ಬಂದಿರುವುದು ಅಲ್ಲಿ ಅಪರೂಪದ ದೃಶ್ಯವಲ್ಲವೆಂಬುದು ಕೂಡಲೇ ತಿಳಿಯುತ್ತದೆ.

ಇನ್ನು ಆ ಯಂತ್ರದ ಒಳಗನ್ನು ನೋಡೋಣ. ಜಾವಾ 250ರ ಇಂಜಿನ್ನಿನಲ್ಲಿ ಸಿಲಿಂಡರು ಒಂದೇ. ಅದರ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ ಚಲಿಸುವ ದೂರ 75 ಮಿಲಿಮೀಟರು. ಸಿಲಿಂಡರು ಒಂದಾದರೂ ಹೊಗೆ ಹೊರಹೋಗುವ ದಾರಿ ಎರಡು. ಎರಡು ಪಕ್ಕದಲ್ಲಿಯೂ ಒಂದೊಂದು ಸೈಲೆನ್ಸರ್ ಇರುವುದು ಆ ಕಾರಣದಿಂದಲೇ. ಇದು ಟು-ಸ್ಟ್ರೋಕ್ ಜಾತಿಯ ಇಂಜಿನ್. ಎಂದರೆ ಇದರಲ್ಲಿ ತೆರೆದು ಮುಚ್ಚುವ ವಾಲ್ವುಗಳಿಲ್ಲ. ಮೇಲೆ ಕೆಳಗೆ ಆಡುವ ಪಿಸ್ಟನ್ನೇ ಸಿಲಿಂಡರಿನ ಗೋಡೆಯಲ್ಲಿರುವ ರಂಧ್ರಗಳನ್ನು ಕ್ರಮವಾಗಿ ಮುಚ್ಚಿ ತೆರೆದು, ಪೆಟ್ರೋಲು ಮತ್ತು ಗಾಳಿಗಳ ಮಿಶ್ರಣವನ್ನು ಮೊದಲು ತನ್ನ ಕೆಳಗಿನ ಕ್ರ್ಯಾಂಕ್ ಕೋಣೆಗೆ ಸೆಳೆದುಕೊಂಡು, ಅಲ್ಲಿಂದ ಮೇಲಕ್ಕೆ ತಳ್ಳಿ, ಉರಿದುಳಿದುದನ್ನು ಹೊರಕ್ಕೆ ದೂಡುತ್ತದೆ. ಮಿಶ್ರಣವು ಕ್ರ್ಯಾಂಕ್ ಕೋಣೆಯನ್ನು ಹಾದುಹೋಗಲೇಬೇಕಾದುದರಿಂದ ಅಲ್ಲಿ ಎಣ್ಣೆಯನ್ನು ಬೇರೆಯಾಗಿ ನಿಲ್ಲಿಸಿಡಲು ಸಾಧ್ಯವಿಲ್ಲ; ಆದಕಾರಣ ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸುವುದು, ಸಾಮಾನ್ಯವಾಗಿ ಲೀಟರಿಗೆ 30ರಿಂದ 40 ಮಿಲಿಲೀಟರಿನಷ್ಟು. ಇಷ್ಟನ್ನು ಒಮ್ಮೆ ಮನದಟ್ಟು ಮಾಡಿಕೊಂಡವರು ಬಂಕಿನಲ್ಲಿ ಟು-ಟಿ ಆಯಿಲ್ ಹಾಕಿಸುವುದನ್ನು ಎಂದಿಗೂ ಮರೆಯುವುದಿಲ್ಲ. ಕಾರಣವನ್ನು ತಿಳಿಯದೆ ಬರಿಯ ಅಪ್ಪಣೆಯಾಗಿ ಕೇಳಿದವರು ಮರೆಯುತ್ತಾರೆ, ಮರೆತಾಗ ಪಿಸ್ಟನ್ ಬಿಸಿಯೇರಿ ಸಿಲಿಂಡರಿಗೆ ಕಚ್ಚಿಕೊಂಡು ಗಾಡಿ ನಡುರಸ್ತೆಯಲ್ಲಿ ಸೀಜಾಗುತ್ತದೆ.

ಕಲಿಯುವವರಿಗೆ ಜಾವಾ ಯೆಜ್ಡಿಗಳಲ್ಲಿ ಇನ್ನೊಂದು ಸೌಲಭ್ಯವಿದೆ. ಅದರ ಜಾಣ್ಮೆಗೆ ನಾನು ಇಂದಿಗೂ ತಲೆಬಾಗುತ್ತೇನೆ. ಕಿಕ್ ಹೊಡೆಯುವ ಲಿವರೂ ಗೇರು ಬದಲಿಸುವ ಲಿವರೂ ಅದರಲ್ಲಿ ಒಂದೇ. ಎಡಗಡೆಯ ಆ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಇಂಜಿನ್ ಸ್ಟಾರ್ಟ್ ಆದಮೇಲೆ ಮುಂದಕ್ಕೆ ತಂದು ಕೂರಿಸಿದರೆ ಗೇರು. ಅಷ್ಟೇ ಅಲ್ಲ; ಗೇರನ್ನು ಪಾದದಿಂದ ಒತ್ತುವಾಗ ಒಳಗಿನ ಏರ್ಪಾಡೊಂದು ಕ್ಲಚ್ಚನ್ನೂ ತಾನೇ ಬಿಡಿಸುತ್ತದೆಯಾದ್ದರಿಂದ, ಓಡುತ್ತಿರುವ ಗಾಡಿಯಲ್ಲಿ ಗೇರು ಬದಲಿಸಲು ಕೈಯ ಕ್ಲಚ್ಚನ್ನು ಹಿಡಿಯಲೇಬೇಕೆಂಬ ನಿರ್ಬಂಧವಿಲ್ಲ. ಬೆರಳುಗಳ ಬಲ ಕಡಿಮೆಯಿರುವವರಿಗೆ ಇದು ದೊಡ್ಡ ಉಪಕಾರ. ಆದರೂ ಕೈಯ ಕ್ಲಚ್ಚನ್ನು ಮೊದಲು ಚೆನ್ನಾಗಿ ಕಲಿತ ಮೇಲೆಯೇ ಈ ಅನುಕೂಲವನ್ನು ತೋರಿಸಬೇಕು. ಇಲ್ಲದಿದ್ದರೆ ನಾಳೆ ಬೇರೊಂದು ಗಾಡಿಯನ್ನು ಹತ್ತಿದಾಗ ಕಲಿತದ್ದು ಕೈಕೊಡುತ್ತದೆ. ಹಳೆಯ ಬುಲೆಟ್ಟುಗಳಲ್ಲಿ ಗೇರು ಬಲಕ್ಕೂ ಬ್ರೇಕು ಎಡಕ್ಕೂ ಇರುವುದನ್ನು ಸಹ ಇಲ್ಲಿ ಎಚ್ಚರಿಕೆಗಾಗಿ ಹೇಳಿರುತ್ತೇನೆ.

ಮೈಕಟ್ಟು ಸಣ್ಣದಾಗಿರುವವರಿಗೆ ನೂರು ಸಿ.ಸಿ.ಯ ಹಳೆಯ ಬೈಕೇ ಮೇಲು. ಆರ್.ಎಕ್ಸ್. 100ರ ತೂಕ ನೂರು ಕಿಲೋಗ್ರಾಮಿನ ಆಸುಪಾಸು. ವಾಲಿದಾಗ ಹಿಡಿದು ನಿಲ್ಲಿಸಬಹುದು, ಬಿದ್ದರೆ ಒಬ್ಬರೇ ಎತ್ತಬಹುದು. ಆದರೆ ಅದರ ಇಂಜಿನ್ 11 ಅಶ್ವಶಕ್ತಿಯದು, ಆಕ್ಸಿಲರೇಟರನ್ನು ತಿರುಚಿದೊಡನೆ ನೆಗೆಯುವ ಸ್ವಭಾವದ್ದು. ಪ್ರಥಮ ಪಾಠಕ್ಕೆ ಅದಕ್ಕಿಂತ ಸಿ.ಡಿ. 100ರಂಥ ಶಾಂತವಾದ ಫೋರ್-ಸ್ಟ್ರೋಕ್ ಇಂಜಿನ್ ಹಿತವೆಂದು ನನ್ನ ಅಭಿಪ್ರಾಯ.

ಹಳೆಯ ಗಾಡಿಯನ್ನು ಹೊಸದಾಗಿ ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ, ತಣ್ಣಗಿರುವ ಇಂಜಿನ್ನನ್ನೇ ಸ್ಟಾರ್ಟ್ ಮಾಡಿಸಿ ಕೇಳಬೇಕು, ಟ್ಯಾಂಕಿನೊಳಗೆ ಟಾರ್ಚು ಬಿಟ್ಟು ತುಕ್ಕನ್ನು ನೋಡಬೇಕು, ಆರ್.ಸಿ.ಯಲ್ಲಿರುವ ಇಂಜಿನ್ ಮತ್ತು ಚಾಸಿಸ್ ನಂಬರುಗಳನ್ನು ಲೋಹದ ಮೇಲೆ ಕೊರೆದಿರುವುದರೊಡನೆ ತಾಳೆ ನೋಡಬೇಕು. ನೋಂದಣಿಗೆ 15 ವರ್ಷದ ಆಯುಸ್ಸು, ಅನಂತರ ಐದೈದು ವರ್ಷಕ್ಕೊಮ್ಮೆ ನವೀಕರಣ. ಈಗಿನ ಪೆಟ್ರೋಲಿನಲ್ಲಿ ಎಥನಾಲು ಬೆರೆತಿರುವುದರಿಂದ, ಅದು ಗಾಳಿಯ ತೇವವನ್ನು ಹೀರಿ ಟ್ಯಾಂಕಿಗೆ ತುಕ್ಕು ತರುವುದೂ, ಹಳೆಯ ರಬ್ಬರಿನ ಭಾಗಗಳನ್ನು ಕೆಡಿಸುವುದೂ ಉಂಟು. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವವರು ಕಾರ್ಬೊರೇಟರನ್ನಾದರೂ ಬರಿದು ಮಾಡಿ ನಿಲ್ಲಿಸತಕ್ಕದ್ದು.

ಪಾಠವನ್ನು ಎಲ್ಲಿಂದ ಆರಂಭಿಸಬೇಕು? ಬಹುಮಂದಿ ರಸ್ತೆಯಿಂದ ಆರಂಭಿಸುತ್ತಾರೆ. ನಾನು ಮನೆಯ ಅಂಗಳದಿಂದ, ಇಂಜಿನ್ ನಿಂತಿರುವಾಗಲೇ ಆರಂಭಿಸುತ್ತೇನೆ. ಪ್ಲಗ್ಗನ್ನು ಬಿಚ್ಚಿಸಿ, ಅದರ ತುದಿಯ ಬಣ್ಣವನ್ನು ನೋಡಿಸುತ್ತೇನೆ: ಹದವಾಗಿ ಹುರಿದ ಕಾಫಿ ಬೀಜದ ಹಾಗೆ ತಿಳಿಗಂದಾಗಿದ್ದರೆ ಇಂಜಿನ್ ಆರೋಗ್ಯವಾಗಿದೆ, ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ, ಬಿಳಿಚಿಕೊಂಡಿದ್ದರೆ ಕಡಿಮೆಯಾಗಿ ಬಿಸಿಯೇರುತ್ತಿದೆ. ಬಳಿಕ ಡಬಲ್ ಸ್ಟ್ಯಾಂಡ್. ಗಾಡಿಯನ್ನು ತೋಳಿನ ಬಲದಿಂದ ಎಳೆದು ನಿಲ್ಲಿಸಲು ಹೋಗಿ ಸೊಂಟ ಹಿಡಿಸಿಕೊಂಡವರುಂಟು; ಸ್ಟ್ಯಾಂಡಿನ ಎರಡು ಕಾಲುಗಳೂ ನೆಲವನ್ನು ಮುಟ್ಟಿದುದನ್ನು ಖಚಿತಪಡಿಸಿಕೊಂಡು, ಮೈಭಾರವನ್ನೆಲ್ಲ ಪಾದಕ್ಕೆ ಕೊಟ್ಟರೆ ಯಂತ್ರ ತಾನಾಗಿ ಹಿಂದಕ್ಕೇರುತ್ತದೆ. ಇಷ್ಟಾದಮೇಲೆ, ಇಂಜಿನ್ ಇಲ್ಲದೆಯೇ ಗಾಡಿಯನ್ನು ಪಕ್ಕದಲ್ಲಿ ಹಿಡಿದು ನಡೆಸುವುದು, ಎಡಕ್ಕೆ ಬಲಕ್ಕೆ ತಿರುಗಿಸುವುದು, ಬ್ರೇಕು ಹಿಡಿದು ನಿಲ್ಲಿಸುವುದು. ತೂಕದ ಭಯ ಹೋಗಿಬಿಟ್ಟರೆ ಸವಾರಿಯ ಭಯದಲ್ಲಿ ಅರ್ಧ ಹೋದ ಹಾಗೆಯೇ.

ಓಡಿಸುವುದಕ್ಕೆ ಊರ ಹೊರಗಿನ ಹೊಸ ಬಡಾವಣೆಗಳಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ರಸ್ತೆಗೆ ಟಾರು ಬಿದ್ದಿರುತ್ತದೆ, ಸೈಟುಗಳಲ್ಲಿ ಮನೆಗಳಿನ್ನೂ ಎದ್ದಿರುವುದಿಲ್ಲ. ಅಲ್ಲಿ ಮೊದಲ ಗೇರಿನಲ್ಲಿ, ಆಕ್ಸಿಲರೇಟರನ್ನು ಅಷ್ಟಿಷ್ಟೇ ಕೊಟ್ಟು, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಹೋಗಿ, ಗಾಡಿ ಮುಂದಕ್ಕೆ ಜಗ್ಗುವ ಆ ಒಂದು ಬಿಂದುವನ್ನು ಬೆರಳುಗಳು ತಾವಾಗಿ ಗುರುತಿಸುವವರೆಗೂ ಅದನ್ನೇ ಮಾಡಿಸಬೇಕು. ಹಾಫ್ ಕ್ಲಚ್ ಎಂದು ನಮ್ಮ ಜನ ಕರೆಯುವ ಆ ಸ್ಥಿತಿ ಕೈವಶವಾದರೆ ಉಳಿದದ್ದು ಬೇಗ ಬರುತ್ತದೆ, ಆರ್.ಟಿ.ಓ. ಅಂಗಳದಲ್ಲಿ ಎಂಟು ಹಾಕುವ ಪರೀಕ್ಷೆಯೂ ಸುಲಭವಾಗುತ್ತದೆ. ಕಲಿಸುವವರು ಈ ಹಂತದಲ್ಲಿ ಹಿಂದೆ ಕೂರಬಾರದು, ಪಕ್ಕದಲ್ಲಿ ನಡೆಯಬೇಕು. ಕಿವಿಯ ಹಿಂದಿನಿಂದ ಬರುವ ಗದರಿಕೆ ಕಲಿಯುವವರ ಗಮನವನ್ನು ದಾರಿಯಿಂದ ಕಿತ್ತು ನಮ್ಮ ಕೋಪದ ಕಡೆಗೆ ತಿರುಗಿಸುತ್ತದೆ. ಮುಂದಿನ ಬ್ರೇಕು ಹಿಡಿದರೆ ಮುಗ್ಗರಿಸುತ್ತೇವೆಂಬ ತಪ್ಪು ಭಯವನ್ನೂ ಇಲ್ಲಿಯೇ ಬಿಡಿಸಬೇಕು. ಗಾಡಿ ನಿಲ್ಲುವಾಗ ಭಾರವು ಮುಂದಿನ ಗಾಲಿಯ ಮೇಲೆ ಬೀಳುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅಲ್ಲಿಯೇ ಇದೆ. ಹಳೆಯ ಡ್ರಮ್ ಬ್ರೇಕುಗಳ ಬಲ ಮಿತವಾದದ್ದಾದ್ದರಿಂದ ಎರಡನ್ನೂ ಕೂಡಿಸಿ, ಒಮ್ಮೆಗೇ ಅಲ್ಲದೆ ಕ್ರಮಕ್ರಮವಾಗಿ ಹಿಡಿಯುವ ಅಭ್ಯಾಸ ಅವಶ್ಯವಾದುದು.

ನನ್ನ ಧರ್ಮಪತ್ನಿ ಸವಾರಿಯನ್ನು ಕಲಿತದ್ದು ಮಕ್ಕಳು ಬೆಳೆದಮೇಲೆ. ಮಗಳಿಗೆ ಕೈಕಾಲುಗಳ ಚುರುಕುತನ ಹೆಚ್ಚು. ಆದರೆ ಯಂತ್ರದ ಮಾತನ್ನು ತಿಳಿಯುವುದರಲ್ಲಿ ತಾಯಿಯೇ ಮುಂದು. ಎಷ್ಟೋ ವರ್ಷ ಹಿಂದಿನ ಸೀಟಿನಲ್ಲಿ ಕುಳಿತು ಆ ಇಂಜಿನ್ನಿನ ಸದ್ದನ್ನು ಕೇಳಿದ್ದ ಆಕೆಗೆ, ಗೇರು ಎಲ್ಲಿ ಬದಲಾಗಬೇಕೆಂಬುದು ಕಲಿಯುವ ಮೊದಲೇ ಗೊತ್ತಿತ್ತು. ಇಂಜಿನ್ ಕೊಂಚ ತಡವರಿಸಿದೊಡನೆ, ನನಗೆ ಅರಿವಾಗುವ ಮುಂಚೆಯೇ “ರೀ, ರಿಸರ್ವಿಗೆ ತಿರುಗಿಸಿ” ಎನ್ನುತ್ತಿದ್ದವಳು ಆಕೆ. ನಮ್ಮ ಹೆಣ್ಣುಮಕ್ಕಳನ್ನು ಸೀರೆ ಗಾರ್ಡಿನ ಪಕ್ಕದಲ್ಲಿ ಒಂದು ಕಡೆಗೆ ಕೂರಿಸಿಕೊಂಡೇ ಎರಡು ತಲೆಮಾರು ಕಳೆದುಬಿಟ್ಟೆವಲ್ಲ, ಅವರಲ್ಲಿ ಅಷ್ಟು ಕಾಲದಿಂದ ಸಂಚಿತವಾಗುತ್ತಿದ್ದ ಈ ಜ್ಞಾನವನ್ನು ವಿಚಾರಿಸಿದವರು ಯಾರು? ಮನೆಯಲ್ಲಿ ಕಲಿಯಬೇಕೆಂಬ ಹಿರಿಯ ಹೆಂಗಸರಿದ್ದರೆ, ವಯಸ್ಸಾಯಿತೆಂಬ ನೆಪವನ್ನು ದಯವಿಟ್ಟು ಮುಂದೊಡ್ಡಬೇಡಿ. ಸಾವಧಾನ ಅವರಲ್ಲಿ ಸಹಜವಾಗಿಯೇ ಇರುತ್ತದೆ, ಅದನ್ನು ಹರೆಯದವರಿಗೆ ಕಲಿಸುವುದು ಬಹಳ ಕಷ್ಟ.

ಕಾಯಿದೆಯ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗೇರುಳ್ಳ ಮೋಟಾರು ಸೈಕಲ್ಲಿಗೆ 18 ವರ್ಷ ತುಂಬಿರಬೇಕು. ಕಲಿಯುವವರ ಲೈಸೆನ್ಸು, ಅಂದರೆ ಎಲ್.ಎಲ್., ಆರು ತಿಂಗಳು ನಡೆಯುತ್ತದೆ. ಅದು ದೊರೆತು 30 ದಿನಗಳಾದ ಮೇಲೆ ಪರೀಕ್ಷೆಗೆ ಹೋಗಬಹುದು. ಎಲ್.ಎಲ್. ಮಾತ್ರ ಇರುವವರು ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಹದಿನೈದರ ಹುಡುಗನ ಕೈಗೆ ಪ್ರೀತಿಯಿಂದ ಕೀ ಕೊಡುವ ತಂದೆಯಂದಿರು ನಮ್ಮಲ್ಲಿ ಈಗಲೂ ಇದ್ದಾರೆ. 2019ರ ತಿದ್ದುಪಡಿಯಂತೆ ಆ ಅಪರಾಧಕ್ಕೆ ಪೋಷಕರೇ ಹೊಣೆ, ದಂಡ 25,000 ರೂಪಾಯಿ, ಜೊತೆಗೆ ಸೆರೆವಾಸವೂ ಮೂರು ವರ್ಷದವರೆಗೆ ಉಂಟು. ಹೆಲ್ಮೆಟ್ಟು ಐ.ಎಸ್.ಐ. ಗುರುತಿನದಾಗಿದ್ದು, ಮುಂದೆ ಕೂತವರಿಗೂ ಹಿಂದೆ ಕೂತವರಿಗೂ ಇರಬೇಕು, ಗದ್ದದ ಪಟ್ಟಿ ಬಿಗಿದಿರಬೇಕು. ಸೆರಗು ದುಪಟ್ಟಾಗಳನ್ನು ಸಿಕ್ಕಿಸಿಕೊಳ್ಳದೆ ಗಾಡಿ ಹತ್ತುವ ಅಭ್ಯಾಸವನ್ನು ಮೊದಲ ದಿನವೇ ತಪ್ಪಿಸಿರಿ. ಗಾಲಿಯ ಕಡ್ಡಿಗಳಿಗೂ ಚೈನಿಗೂ ಬಟ್ಟೆ ಸಿಕ್ಕಿ ಆಗಿರುವ ಅನಾಹುತಗಳು ಎಣಿಕೆಗೆ ಮೀರಿದವು. ಆರು ವೋಲ್ಟಿನ ಹಳೆಯ ಗಾಡಿಗಳ ಹೆಡ್‌ಲೈಟು ಇಂಜಿನ್ ನಿಧಾನವಾದಾಗ ಮಂಕಾಗುವುದರಿಂದ, ಹೊಸಬರನ್ನು ಕತ್ತಲಾದ ಮೇಲೆ ಅದರಲ್ಲಿ ಕಳುಹಿಸಬಾರದು.

ಊರ ರಸ್ತೆ ರೂಢಿಯಾದ ಮೇಲೆ ಚಾಮುಂಡಿ ಬೆಟ್ಟಕ್ಕೆ ಕರೆದೊಯ್ಯಬಹುದು. ಏರುವುದು ಸುಲಭ, ಟು-ಸ್ಟ್ರೋಕ್ ಇಂಜಿನ್ನಿನ ಮರ್ಮ ತಿಳಿಯುವುದು ಇಳಿಯುವಾಗ. ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿಕೊಂಡು ಬಹುದೂರ ಇಳಿದರೆ, ಪೆಟ್ರೋಲು ನಿಲ್ಲುವುದರೊಡನೆ ಅದರಲ್ಲಿ ಬೆರೆತ ಎಣ್ಣೆಯೂ ನಿಲ್ಲುತ್ತದೆ. ಗಾಲಿ ತಿರುಗಿಸುತ್ತಿರುವುದರಿಂದ ಇಂಜಿನ್ ಮಾತ್ರ ವೇಗವಾಗಿ ತಿರುಗುತ್ತಲೇ ಇರುತ್ತದೆ. ಆದುದರಿಂದ ನಡುನಡುವೆ ಕ್ಲಚ್ ಹಿಡಿದು ಒಂದಿಷ್ಟು ಆಕ್ಸಿಲರೇಟರು ಕೊಡುತ್ತ ಇಳಿಯಬೇಕು. ಇಂಜಿನ್ ಬಿಗಿಯಾದಂತೆ ತೋರಿದ ಕ್ಷಣವೇ ಕ್ಲಚ್ ಹಿಡಿದುಬಿಡಬೇಕು. ಇಲ್ಲದಿದ್ದರೆ ಹಿಂದಿನ ಗಾಲಿ ಕಟ್ಟಿಹೋಗಿ ಗಾಡಿ ಜಾರುತ್ತದೆ. ಈ ಪ್ರತಿಕ್ರಿಯೆ ಯೋಚನೆಯಿಂದ ಬರುವಂಥದಲ್ಲ, ಅಭ್ಯಾಸದಿಂದ ಬರಬೇಕಾದದ್ದು. ಟು-ಸ್ಟ್ರೋಕ್ ಸವಾರರ ಎರಡು ಬೆರಳು ಕ್ಲಚ್ಚಿನ ಮೇಲೆ ಸದಾ ಇರುವುದು ಇದಕ್ಕಾಗಿಯೇ.

ಕಟ್ಟಕಡೆಯ ಪಾಠ, ಇನ್ನೊಬ್ಬರನ್ನು ಹಿಂದೆ ಕೂರಿಸಿಕೊಂಡು ಓಡಿಸುವುದು. ಲೈಸೆನ್ಸು ಬಂದ ಮರುದಿನವೇ ತಂಗಿಯನ್ನೋ ಗೆಳತಿಯನ್ನೋ ಕೂರಿಸಿಕೊಂಡು ಹೊರಡುವ ಉತ್ಸಾಹವನ್ನು ಕೆಲವು ವಾರ ತಡೆಹಿಡಿಯಬೇಕು, ಏಕೆಂದರೆ ಹಿಂದಿನ ಭಾರ ಬಿದ್ದೊಡನೆ ಗಾಡಿ ತಿರುಗುವ ಬಗೆ, ನಿಲ್ಲುವ ದೂರ, ಹೊರಡುವಾಗಿನ ಕ್ಲಚ್ಚು ಎಲ್ಲವೂ ಬದಲಾಗುತ್ತವೆ. ಆ ಸ್ಥಾನದಲ್ಲಿ ಮೊದಲು ಕೂರಬೇಕಾದವರು ಕಲಿಸಿದವರೇ. ಹಿಂದಿನ ಟೈರಿಗೆ ಎರಡು ಪೌಂಡು ಗಾಳಿ ಹೆಚ್ಚಿಗೆ ಹಾಕಿಸಿ, ಎರಡು ಕಡೆಗೂ ಕಾಲು ಹಾಕಿ ಕುಳಿತು, ಸವಾರರು ವಾಲಿದ ಕಡೆಗೆ ತಾವೂ ವಾಲಿ, ಹೆಗಲನ್ನು ಹಿಡಿಯದೆ ಸೀಟಿನ ಪಟ್ಟಿಯನ್ನು ಹಿಡಿದು, ಕೇಳಿದ ಹೊರತು ಯಾವ ಸೂಚನೆಯನ್ನೂ ಕೊಡದೆ ಹೋಗಿಬರುವುದು ಅವರ ಕೆಲಸ.