ಕಂಬಂ ಕಣಿವೆಗೆ ಹೋದ ಕಾಗದ

(ತಾಳವಾಡಿ ಸೀಮೆಯ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಯೊಂದರ ಪೋಷಕರ ಸಭೆಯಲ್ಲಿ ಶಿಕ್ಷಕಿಯೊಬ್ಬರು ಆಡಿದ ಮಾತು)



ತೋಟದ ಕೆಲಸ ಬಿಟ್ಟು ಬಂದಿದ್ದೀರಿ, ನಿಮ್ಮನ್ನು ಹೆಚ್ಚು ಹೊತ್ತು ಕೂರಿಸುವುದಿಲ್ಲ. ಮೊದಲು ತರಗತಿಯ ಸುದ್ದಿ. ಒಂದನೇ ತರಗತಿಯವರು ಇನ್ನೂ ಕಾಗುಣಿತದಲ್ಲಿದ್ದಾರೆ, ಅವಸರ ಬೇಡ. ಮೂರನೆಯವರಿಗೆ ಏಳರ ಮಗ್ಗಿ ಕೈಕೊಡುತ್ತಿದೆ. ರಾತ್ರಿ ಊಟಕ್ಕೆ ಮುಂಚೆ ಒಂದು ಸಲ ಹೇಳಿಸಿ. ಸಂತೆಯ ದಿನ ಹಾಜರಿ ಇಳಿಯುತ್ತಿದೆ. ಯಾರ ಮಕ್ಕಳೆಂದು ಇಲ್ಲಿ ಹೇಳುವುದಿಲ್ಲ, ಅವರಿಗೇ ಗೊತ್ತು.

ನಾಲ್ಕನೇ ತರಗತಿಯ ಸುದ್ದಿ ಸ್ವಲ್ಪ ಉದ್ದ.

ನಾನು ಹುಟ್ಟಿದ್ದು ತೇನಿ ಜಿಲ್ಲೆಯ ಕಂಬಂ ಹತ್ತಿರದ ಹಳ್ಳಿಯಲ್ಲಿ. ಮುಲ್ಲಪೆರಿಯಾರ್ ನೀರಿನ ಭತ್ತದ ಗದ್ದೆ, ದ್ರಾಕ್ಷಿ ಚಪ್ಪರ ಇರುವ ಕಣಿವೆ ಅದು. ಅಲ್ಲಿ ನಮ್ಮಂಥ ಕಪ್ಪಿಲಿಯರ ಮನೆಗಳಲ್ಲಿ, ದಿಂಡಿಗಲ್ ಕಡೆ ಅನುಪ್ಪರ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ. ಇದು ನಿನ್ನೆ ಮೊನ್ನೆಯದಲ್ಲ. ತೇನಿ, ದಿಂಡಿಗಲ್ ಎರಡೂ ಮಧುರೆ ಜಿಲ್ಲೆಯೊಳಗಿದ್ದ ಕಾಲದಲ್ಲಿ, 1909ರಲ್ಲಿ ಬಂದ ಎಡ್ಗರ್ ಥರ್ಸ್ಟನ್ನರ ಪುಸ್ತಕದಲ್ಲೇ ಇವರು ಕನ್ನಡ ಮಾತಾಡುವ ಬೇಸಾಯಗಾರರೆಂದು ದಾಖಲಾಗಿದ್ದಾರೆ. ಆದರೆ ನಾನು ಕಲಿತ ಶಾಲೆ ತಮಿಳಿನದು. ಹತ್ತು ವರ್ಷದವಳಿದ್ದಾಗ ಅಪ್ಪನ ಕೆಲಸಕ್ಕಾಗಿ ಚಾಮರಾಜನಗರಕ್ಕೆ ಬಂದೆವು. ನನ್ನ ಮಾತಿಗೂ ಅಕ್ಷರವಿದೆ ಎಂದು ತಿಳಿದದ್ದೇ ಆವಾಗ. ಐದನೇ ತರಗತಿಯ ಹುಡುಗಿ ಒಂದನೇ ತರಗತಿಯವರ ಜೊತೆ ಕುಳಿತು ಅ ಆ ಇ ಈ ತಿದ್ದಿದ ನಾಚಿಕೆ ಇನ್ನೂ ನೆನಪಿದೆ.

ನಮ್ಮ ಮಕ್ಕಳಿಗೆ ಇದನ್ನು ಹೇಳಿದಾಗ, "ಟೀಚರ್, ನಿಮ್ಮೂರ ಮಕ್ಕಳಿಗೆ ಕಾಗದ ಬರೀತೀವಿ" ಎಂದರು. ನನ್ನ ಅಣ್ಣನ ಮಗಳು ಅಲ್ಲಿ ಐದನೇ ತರಗತಿ. ಅವಳು ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಏನು ಮಾಡುವುದು? ಮಕ್ಕಳೇ ದಾರಿ ಕಂಡುಕೊಂಡರು. ಹಾಳೆಯ ಒಂದು ಬದಿ ಕನ್ನಡ ಅಕ್ಷರದಲ್ಲಿ, ಇನ್ನೊಂದು ಬದಿ ಅದೇ ಕನ್ನಡ ಮಾತು ತಮಿಳು ಅಕ್ಷರದಲ್ಲಿ.

ಅಲ್ಲೇ ತೊಡಕು ಬಂತು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದಗಳಿಗೂ ಹಾಗೆ, ಪ, ಬಗಳಿಗೂ ಹಾಗೆ. ತಮಿಳಿಗೆ ಅದು ಕೊರತೆಯಲ್ಲ, ಆ ಭಾಷೆಗೆ ಅಷ್ಟು ಸಾಕು. ನಮಗೆ ಸಾಲದು. "ನಮ್ಮೂರಲ್ಲಿ ಗಾಳಿ ಜೋರು" ಎಂದು ಇವರು ಬರೆದರೆ, ಅವಳು ಅಜ್ಜಿಗೆ "ನಮ್ಮೂರಲ್ಲಿ ಕಾಳಿ ಜೋರು" ಎಂದು ಓದಿ ಹೇಳಿದಳು. "ಯಾವ ಕಾಳಿಯಮ್ಮ ಬಂದಳಮ್ಮ ಅಲ್ಲಿಗೆ?" ಎಂದು ನಮ್ಮ ಅಮ್ಮ ಗಾಬರಿಯಿಂದ ಫೋನು ಮಾಡಿದರು! ತರಗತಿಯೆಲ್ಲ ನಕ್ಕಿತು. ಆಮೇಲೆ ಒಬ್ಬ ಹುಡುಗ ಎದ್ದು ಕೇಳಿದ: "ಟೀಚರ್, ಹಾಗಾದ್ರೆ ಗಾಳಿ ಅಂತ ಬರೆಯೋಕೆ ಅವರಿಗೆ ಆಗೋದೇ ಇಲ್ವಾ?" ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡಬೇಕೆಂದಿದ್ದೆ.

ಯಾಕೆಂದರೆ ಈ ವರ್ಷ ಮೂವರು ಪೋಷಕರು ಟಿ.ಸಿ. ಕೇಳಿದ್ದಾರೆ. ಕೇಳುವುದು ಅವರ ಹಕ್ಕು, ಕೋಪವಿಲ್ಲ. "ಕನ್ನಡ ಶಾಲೆಗೆ ಹೋದರೆ ತಮಿಳು ಬರಲ್ಲ, ನಾಳೆ ಕೆಲಸ ಸಿಗಲ್ಲ" ಎನ್ನುತ್ತಾರೆ. 2006ರ ತಮಿಳು ಕಲಿಕೆ ಕಾಯ್ದೆಯಂತೆ ಒಂದನೇ ತರಗತಿಯಿಂದ ಮೊದಲುಗೊಂಡು ತಮಿಳು ಕಡ್ಡಾಯ ಪಾಠವಾಯಿತು. ನಮ್ಮ ಮಕ್ಕಳು ತಮಿಳು ಅಕ್ಷರದಲ್ಲಿ ಕಾಗದ ಬರೆದದ್ದನ್ನು ಈಗತಾನೇ ಕೇಳಿದಿರಿ. ಇಂಗ್ಲಿಷ್ ಪಾಠವೂ ಉಂಟು. ಇಲ್ಲಿ ಬಿಟ್ಟುಹೋದರೆ ಮಗು ಕಳೆದುಕೊಳ್ಳುವುದು ಕನ್ನಡದ ಅಕ್ಷರ ಒಂದನ್ನೇ. ಅದನ್ನು ಮನೆಯಲ್ಲಿ ಕಲಿಸುತ್ತೇವೆ ಎಂದು ನಮ್ಮ ಕಣಿವೆಯಲ್ಲೂ ಹೇಳಿದವರಿದ್ದರು. ನಮ್ಮ ಮನೆಯಲ್ಲಂತೂ ಯಾರೂ ಕಲಿಸಲಿಲ್ಲ.

ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ. ಒಳ್ಳೆಯ ಮಾತು. ಆದರೆ ಬೆಂಚಿನ ಮೇಲೆ ಮಕ್ಕಳಿಲ್ಲದಿದ್ದರೆ ಶಿಕ್ಷಕರನ್ನು ಕೊಡಿ, ಪುಸ್ತಕ ಕೊಡಿ ಎಂದು ಯಾವ ಮುಖ ಇಟ್ಟುಕೊಂಡು ಕಚೇರಿಗೆ ಹೋಗಲಿ? ಟಿ.ಸಿ. ಕೇಳಿದವರು ಸಹಿ ಹಾಕುವ ಮುಂಚೆ ಒಂದು ದಿನ ನನ್ನ ತರಗತಿಯಲ್ಲಿ ಕುಳಿತು ಹೋಗಿ. ಅಷ್ಟೇ ನನ್ನ ಬೇಡಿಕೆ.

ಇನ್ನು ಮುಂದಿನ ಕೆಲಸ. ಅರೆವಾರ್ಷಿಕ ಪರೀಕ್ಷೆಗೆ ಮುಂಚೆ ಪ್ರತಿ ಮಗುವೂ ಮನೆಯಿಂದ ದನದ ಮಾತುಗಳನ್ನು ಬರೆದು ತರಬೇಕು. ಬಣ್ಣಕ್ಕೆ ಏನೆನ್ನುತ್ತೀರಿ, ಕೊಂಬಿಗೆ, ಹಗ್ಗಕ್ಕೆ, ಕಾಯಿಲೆಗೆ ಏನೆನ್ನುತ್ತೀರಿ, ಎಲ್ಲವೂ ಬೇಕು. ಅಜ್ಜ ಅಜ್ಜಿಯರನ್ನು ಕೇಳಿ. ಕಂಬಂನಲ್ಲಿ ನಂದಗೋಪಾಲನ ತಂಬಿರಾನ್ ದನಗಳ ಕೊಟ್ಟಿಗೆ ಇದೆ. ಮಾಟ್ಟುಪ್ಪೊಂಗಲ್ ದಿನ ಅಲ್ಲಿ ಜನ ಸೇರುತ್ತಾರೆ. ನಮ್ಮಣ್ಣ ಅಂದು ಅಲ್ಲಿಯ ಹಿರಿಯರನ್ನು ಕೇಳಿ ಅದೇ ಮಾತುಗಳನ್ನು ಬರೆದು ಕಳಿಸುತ್ತೇನೆಂದಿದ್ದಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ಗೋಡೆಗೆ ಅಂಟಿಸುತ್ತೇವೆ. ಯಾವ ಮಾತು ಉಳಿದಿದೆ, ಯಾವುದು ಬದಲಾಗಿದೆ ಎಂದು ಮಕ್ಕಳೇ ಗುರುತು ಹಾಕಲಿ.

ನಿಮಗೆ ಬರೆಯಲು ಬಾರದಿದ್ದರೆ ಚಿಂತೆಯಿಲ್ಲ. ನೀವು ಹೇಳಿ, ಮಗು ಬರೆಯಲಿ. ನಲವತ್ತು ಪುಟದ ನೋಟ್ ಪುಸ್ತಕ ಸಾಕು.

ಎರಡನೇ ಕಾಗದ ಈ ಶುಕ್ರವಾರ ಹೋಗುತ್ತದೆ. ಈ ಸಲ ಅದರ ಜೊತೆ ಕನ್ನಡ ಕಾಗುಣಿತದ ಒಂದು ಹಾಳೆಯನ್ನೂ ಇಡಬೇಕೆಂದು ಮಕ್ಕಳ ಹಟ. ಗ ಅಕ್ಷರವನ್ನು ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಿದ್ದಾರೆ.