ನೀಲಿ ಅಂಗಿಯ ಎರಡು ವರ್ಷಗಳು

(ಕೈಗಾರಿಕಾ ತರಬೇತಿಯನ್ನು ಮುಗಿಸಿದ ಯುವಜನರಿಗಾಗಿ ದೀಪಾಂಜಲಿ ನಗರದಲ್ಲಿ ಏರ್ಪಡಿಸಿದ್ದ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಕಾರ್ಯಕ್ರಮಗಳಲ್ಲಿ ಈ ಸಣ್ಣ ಕೂಟಕ್ಕೂ ಸ್ಥಳವಿರಲಿ ಎಂದು ನಮ್ಮ ಯುವಜನರು ಕೇಳಿದಾಗ ನಾನು ಸಂತೋಷದಿಂದ ಒಪ್ಪಿದೆನು. ಭಾಷಣವನ್ನು ಬರೆದುಕೊಂಡೇ ಬಂದಿದ್ದೆನು. ಆದರೆ ನನಗಿಂತ ಮೊದಲು ನಿಮ್ಮಲ್ಲಿ ಮೂವರು ತಮ್ಮ ತರಬೇತಿಯ ದಿನಗಳನ್ನು ನೆನೆದು ಆಡಿದ ಮಾತುಗಳನ್ನು ಕೇಳಿದ ಮೇಲೆ ಆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟಿದ್ದೇನೆ.

ಫಿಟ್ಟರ್ ವಿಭಾಗದ ತರುಣರು ಹೇಳಿದರು: ಮೊದಲ ಕೆಲವು ತಿಂಗಳು ಒಂದು ಕಬ್ಬಿಣದ ತುಂಡು, ಒಂದು ಅರ, ಇಷ್ಟೇ ಅವರ ಪ್ರಪಂಚ. ಬೆಳಗಿನಿಂದ ಸಂಜೆಯವರೆಗೆ ಉಜ್ಜಿ ಸಮತಟ್ಟು ಮಾಡುವುದು. ಮೂಲೆಮಟ್ಟವನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದು ನೋಡುವುದು. ಸಂದಿನಲ್ಲಿ ಬೆಳಕಿನ ಒಂದು ಗೆರೆ ಕಂಡರೂ ಮತ್ತೆ ವೈಸಿಗೆ ಸಿಕ್ಕಿಸಿ ಉಜ್ಜುವುದು. ಶಿಕ್ಷಕರು ಬೈಯಲಿಲ್ಲವಂತೆ, ತುಂಡನ್ನು ಸುಮ್ಮನೆ ಹಿಂದಕ್ಕೆ ತಳ್ಳುತ್ತಿದ್ದರಂತೆ. ಅಂಗೈಯಲ್ಲಿ ಬೊಬ್ಬೆಗಳೆದ್ದು, ಮನೆಯಲ್ಲಿ ತಾಯಿಯೇ ಅನ್ನ ಕಲಸಿ ಕೊಟ್ಟ ದಿನಗಳಿದ್ದವು. "ಇದಕ್ಕಾಗಿಯೇ ನಾನು ಇಲ್ಲಿಗೆ ಬಂದದ್ದು?" ಎಂದು ಅತ್ತವರಿಗೆ, ಎರಡನೆಯ ವರ್ಷ ಒಂದರೊಳಗೊಂದು ಕೂರುವ ಎರಡು ತುಂಡುಗಳನ್ನು ತಾವೇ ಮಾಡಿ, ಅವು ಸದ್ದಿಲ್ಲದೆ ಜಾರಿ ಸೇರಿಕೊಂಡಾಗ, ಆ ತಿಂಗಳುಗಳ ಅರ್ಥ ತಿಳಿಯಿತಂತೆ. ಹದಿನೆಂಟು ವರ್ಷಕ್ಕೆ ಇಷ್ಟು ಸಹನೆಯನ್ನು ಕಲಿಸುವ ಬೇರೆ ಪಾಠಶಾಲೆ ನನಗೆ ತಿಳಿಯದು. ನಮ್ಮ ಗುರುಮಠದಲ್ಲಿ ತರ್ಕಶಾಸ್ತ್ರದ ತಪ್ಪನ್ನು ಮಾತಿನ ಚಮತ್ಕಾರದಿಂದ ಮುಚ್ಚಿಕೊಳ್ಳಬಹುದಾಗಿತ್ತು. ಕಬ್ಬಿಣದ ಮುಂದೆ ಆ ಆಟ ನಡೆಯುವುದಿಲ್ಲ.

ಎಲೆಕ್ಟ್ರಾನಿಕ್ಸ್ ವಿಭಾಗದ ಸಹೋದರಿಯವರು, ಇಡೀ ತಂಡದಲ್ಲಿ ಇಬ್ಬರೇ ಹುಡುಗಿಯರಾಗಿ ಕಲಿತ ಕಷ್ಟವನ್ನು ದೂರಿನ ಸ್ವರವಿಲ್ಲದೆ ಹೇಳಿದರು. ಹೊರಗೆ ಹೊಳೆಯುತ್ತಿದ್ದರೂ ಒಳಗೆ ಹಿಡಿದಿರದ ಬೆಸುಗೆಯನ್ನು ಕಂಡುಹಿಡಿಯುವ ಬಗೆಯನ್ನೂ ವಿವರಿಸಿದರು. ಬೋಧಿಸುವವರಾದ ನಾವು ಅದನ್ನು ಕಿವಿಗೊಟ್ಟು ಕೇಳಬೇಕಾಗಿತ್ತು.

ಮೂರನೆಯವರ ಮಾತಿಗೆ ನೀವೆಲ್ಲರೂ ನಕ್ಕಿರಿ. ನನಗೆ ನಗು ಬರಲಿಲ್ಲ. ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದಲ್ಲಿ ಹಳೆಯ ಸಹಪಾಠಿಗಳು ಸಿಕ್ಕಿ "ಏನು ಓದುತ್ತಿದ್ದೀ?" ಎಂದಾಗಲೆಲ್ಲ ಅವರು ಎರಡು ವರ್ಷವೂ "ಕಾಲೇಜು" ಎಂದಷ್ಟೇ ಹೇಳಿದರಂತೆ. ನೀಲಿ ಅಂಗಿಯನ್ನು ಚೀಲದಲ್ಲಿ ಅಡಗಿಸಿ ಒಯ್ದು, ಸಂಸ್ಥೆಯ ಗೇಟಿನೊಳಗೆ ಹೋದ ಮೇಲೆ ತೊಟ್ಟುಕೊಳ್ಳುತ್ತಿದ್ದರಂತೆ.

ಈ ನಾಚಿಕೆ ಅವರಿಗೆ ಎಲ್ಲಿಂದ ಬಂದಿತು? ಈ ಊರಿನ ಮಣ್ಣಿನಿಂದಂತೂ ಅಲ್ಲ. ಸುತ್ತ ನೋಡಿರಿ. ಇಲ್ಲೇ ಮೈಸೂರು ರಸ್ತೆಯಲ್ಲಿ ಬಿಎಚ್‌ಇಎಲ್ ಕಾರ್ಖಾನೆಯಿದೆ. ಅದಕ್ಕೂ ಮೊದಲು ಅಲ್ಲಿದ್ದ ರೆಮ್ಕೋ ಹೆಸರನ್ನು ಹಿರಿಯರು ಇನ್ನೂ ಮರೆತಿಲ್ಲ. ಬೆಂಗಳೂರಿನ ಪಶ್ಚಿಮ ಭಾಗದ ಎಷ್ಟೋ ಮನೆಗಳ ತಳಪಾಯಕ್ಕೆ ಬಿದ್ದ ಹಣ ಕಾರ್ಖಾನೆಯ ಸಂಬಳದ ಹಣ. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಯೋಗದೊಂದಿಗೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಪ್ರಾರಂಭವಾಯಿತು. ನಾವು ಜಿಟಿಟಿಸಿ ಎನ್ನುವುದು ಅದನ್ನೇ. ಅಚ್ಚು ತಯಾರಿಸುವ ವಿದ್ಯೆಯಲ್ಲಿ ಲೆಕ್ಕವೆಲ್ಲ ಮಿಲಿಮೀಟರಿನ ನೂರರಲ್ಲೊಂದು ಭಾಗದಲ್ಲಿ. ನಮ್ಮ ಕೂದಲೆಳೆಯ ದಪ್ಪವೇ ಅದರ ಐದಾರು ಪಾಲಾದರೂ ಇದ್ದೀತು. ನಿಮ್ಮ ಮನೆಯ ಪ್ಲಾಸ್ಟಿಕ್ ಬಕೆಟ್ಟಿನ ಹಿಂದೆಯೂ ಅಂತಹ ಒಂದು ಅಚ್ಚಿದೆ, ಅದರ ಹಿಂದೆ ಒಬ್ಬರ ಕಣ್ಣು, ಕೈ ಇವೆ. ಐಟಿಐಗಳ ಕುಶಲಕರ್ಮಿ ತರಬೇತಿ ಯೋಜನೆಯನ್ನು ಭಾರತ ಸರ್ಕಾರವು ಆರಂಭಿಸಿದ್ದು 1950ರಲ್ಲಿ, ಗಣರಾಜ್ಯವು ಹುಟ್ಟಿದ ವರ್ಷದಲ್ಲಿಯೇ.

ಹಾಗಾದರೆ ನಾಚಿಕೆಯನ್ನು ಕಲಿಸಿದವರು ಯಾರು? ನಾವು. ನಾನು ಎಂದೇ ಹೇಳಬೇಕು.

ಸುಮಾರು ಮೂವತ್ತೈದು ವರ್ಷಗಳ ಹಿಂದಿನ ಮಾತು. ಬೇರೊಂದು ಧರ್ಮಕೇಂದ್ರದಲ್ಲಿ ನಾನಾಗ ಸಹಾಯಕ ಗುರು. ವಿಧವೆ ತಾಯಿಯೊಬ್ಬರು ಹತ್ತನೆಯ ತರಗತಿ ಮುಗಿಸಿದ ಮಗನನ್ನು ಕರೆತಂದರು. ಹುಡುಗನಿಗೆ ಯಂತ್ರಗಳೆಂದರೆ ಪ್ರಾಣ. ಐಟಿಐ ಸೇರುತ್ತೇನೆಂದು ಹಟ ಹಿಡಿದಿದ್ದ. ನಾನು, "ಅಮ್ಮಾ, ಅದು ಓದು ಹತ್ತದವರಿಗೆ. ಇವನನ್ನು ಪಿಯುಸಿಗೆ ಸೇರಿಸಿರಿ" ಎಂದು ಬುದ್ಧಿ ಹೇಳಿ, ಶಿಫಾರಸು ಪತ್ರವನ್ನೂ ಬರೆದುಕೊಟ್ಟೆನು. ಗುರುಗಳ ಮಾತೆಂದು ತಾಯಿ ಒಪ್ಪಿದರು. ಕಿವಿಯ ಓಲೆಯನ್ನು ಅಡವಿಟ್ಟು ಶುಲ್ಕ ಕಟ್ಟಿದರು. ಹುಡುಗ ಎರಡು ಸಲ ನಪಾಸಾದ. ಮೂರು ವರ್ಷ ಕಳೆದ ಮೇಲೆ ತಾನೇ ಹೋಗಿ ಟರ್ನರ್ ವಿಭಾಗಕ್ಕೆ ಸೇರಿದ. ಓಲೆ ಮರಳಿ ಬರಲಿಲ್ಲವೆಂದು ಆಮೇಲೆ ತಿಳಿಯಿತು. ಯೇಸುಸ್ವಾಮಿಯನ್ನು ಸ್ವಂತ ಊರಾದ ನಜರೇತಿನವರೇ ಬಡಗಿಯ ಮಗನೆಂದು ಹಗುರವಾಗಿ ಕಂಡರೆಂದು ನಾನು ಎಷ್ಟೋ ಭಾನುವಾರ ಪ್ರಸಂಗ ಮಾಡಿದ್ದೇನೆ. ಕಾರ್ಮಿಕರ ಪಾಲಕರಾದ ಸಂತ ಜೋಸೆಫರ ಹಬ್ಬವನ್ನು ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1955ರಲ್ಲಿ ಮೇ ಒಂದರಂದು ಸ್ಥಾಪಿಸಿದ ಕಥೆಯನ್ನೂ ಹೇಳಿದ್ದೇನೆ. ಹೇಳುತ್ತಲೇ ಆ ಹುಡುಗನ ಮುಂದೆ ನಾನೂ ನಜರೇತಿನವರಲ್ಲೊಬ್ಬನಾಗಿದ್ದೆನು.

ಇನ್ನು ಕೆಲಸಕ್ಕೆ ಹೋಗುವ ನಿಮಗೆ ಒಂದು ವ್ಯವಹಾರದ ಮಾತು. ಸಂತ ಜಾನ್ ಬೋಸ್ಕೋರವರು 1850ರ ದಶಕದ ಆರಂಭದಲ್ಲಿ ತೂರಿನ್ ನಗರದ ಬಡಹುಡುಗರನ್ನು ಕಸುಬು ಕಲಿಯಲು ಕಳುಹಿಸುವಾಗ ಮಾಲೀಕರಿಂದ ಲಿಖಿತ ಕರಾರು ಮಾಡಿಸಿಕೊಳ್ಳುತ್ತಿದ್ದರು. ಹುಡುಗನನ್ನು ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಕೂಡದು, ಹಬ್ಬದ ದಿನ ಬಿಡುವು ಕೊಡಬೇಕು ಎಂಬ ಷರತ್ತುಗಳು ಅದರಲ್ಲಿದ್ದವು. ನಮ್ಮ ದೇಶದಲ್ಲಿಯೂ 1961ರ ಅಪ್ರೆಂಟಿಸ್ ಕಾಯಿದೆಯು ಕರಾರನ್ನೂ ಸ್ಟೈಪೆಂಡನ್ನೂ ಕಡ್ಡಾಯ ಮಾಡಿದೆ. ಆದುದರಿಂದ ಎಲ್ಲಿಯೇ ಆಗಲಿ, ಕಾಗದವನ್ನು ಪೂರ್ತಿ ಓದದೆ ಸಹಿ ಹಾಕಬೇಡಿರಿ. ಓದಲು ತೊಡಕಾದರೆ ನನ್ನಲ್ಲಿಗೆ ತನ್ನಿರಿ; ಈ ಸಲ ಎಚ್ಚರದಿಂದ ಓದುತ್ತೇನೆ.

ಕಳೆದ ವರ್ಷ, ಶತಮಾನೋತ್ಸವದ ಸಿದ್ಧತೆ ನಡೆದಿದ್ದಾಗ, ದೇವಾಲಯದ ಗಂಟೆ ಕಿರುಗುಟ್ಟತೊಡಗಿತು. ತಿರುಗುವ ಕಡೆಯ ಬುಷ್‌ಗಳು ಸವೆದಿದ್ದವು. ನೋಡಿದವರೆಲ್ಲ ಚೌಕಟ್ಟನ್ನೇ ಬದಲಿಸಬೇಕೆಂದರು. ಅವರು ಹೇಳಿದ ಮೊತ್ತ ಕೇಳಿ ನಾವು ಸುಮ್ಮನಾದೆವು. ಒಂದು ಭಾನುವಾರ ಪೂಜೆಯ ನಂತರ ಐವತ್ತು ದಾಟಿದ ಒಬ್ಬರು ಗೋಪುರ ಹತ್ತಿ, ವರ್ನಿಯರ್ ಹಿಡಿದು ಅಳತೆ ತೆಗೆದುಕೊಂಡು ಹೋದರು. ವಾರದೊಳಗೆ ತಮ್ಮ ಲೇತಿನಲ್ಲಿಯೇ ಕಂಚಿನ ಎರಡು ಬುಷ್‌ಗಳನ್ನು ಕಡೆದು ತಂದು ಕೂರಿಸಿದರು. ಚೀಟಿಯಲ್ಲಿ ಲೋಹದ ಬೆಲೆಯನ್ನು ಮಾತ್ರ ಬರೆದಿದ್ದರು. ಆ ಹುಡುಗನೇ ಅವರು. ಅಷ್ಟು ವರ್ಷ ಆಡದೆ ಉಳಿಸಿಕೊಂಡಿದ್ದ ಕ್ಷಮೆಯ ಮಾತನ್ನು ಗೋಪುರದ ಮೆಟ್ಟಿಲಲ್ಲಿ ನಿಂತು ಆಡಿದೆನು. ಅವರು ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತಾ, "ಮೊದಲು ಹಗ್ಗ ಎಳೆದು ನೋಡಿ, ಫಾದರ್" ಎಂದರು.

ಈಗ ಒಬ್ಬೊಬ್ಬರ ಹೆಸರನ್ನೂ ಕರೆಯುತ್ತಾರೆ. ನಿಮ್ಮಲ್ಲಿ ಹಲವರು ಕೊನೆಯ ಪ್ರಾಯೋಗಿಕ ಪರೀಕ್ಷೆಯಿಂದ ನೇರವಾಗಿ ಬಂದಿದ್ದೀರಿ. ಅಂಗಿ ಚೀಲದಲ್ಲಿಯೇ ಇದ್ದೀತು. ಅದನ್ನು ತೊಟ್ಟುಕೊಂಡು ವೇದಿಕೆಗೆ ಬನ್ನಿರಿ. ಎಣ್ಣೆಯ ಕಲೆಯಿದ್ದರೂ ಚಿಂತೆಯಿಲ್ಲ.