ಕಡಲ ಊರಿನಲ್ಲಿ ನಲವತ್ತು ದಿನ

ಅತಿಥಿ ಎಂಬ ಮಾತಿಗೆ ನಮ್ಮ ಹಿರಿಯರು ಒಂದು ಮಿತಿಯನ್ನು ಇಟ್ಟಿದ್ದರು. ತಿಥಿವಾರಗಳನ್ನು ಗೊತ್ತುಮಾಡದೆ ಬಂದು, ಒಂದು ರಾತ್ರಿ ತಂಗಿ, ಬೆಳಗಾದರೆ ಹೊರಡುವವನು ಅತಿಥಿ. ಆ ಒಂದು ರಾತ್ರಿಯ ಮಟ್ಟಿಗೆ ಅವನು ದೇವರಿಗೆ ಸಮಾನ. ಹಾಗಾದರೆ ಮೂವತ್ತನೆಯ ದಿನವೂ ಅಲ್ಲಿಯೇ ಉಳಿದವನು ಯಾರು? ಅವನನ್ನು ಅತಿಥಿಯೆನ್ನಲು ಬಾರದು. ನೆಂಟನೂ ಅಲ್ಲ, ಊರಿನವನೂ ಅಲ್ಲ. ಪ್ರವಾಸದ ನಡುವೆ ಹೀಗೆ ದೀರ್ಘಕಾಲ ಒಂದೆಡೆ ನಿಂತವನ ಮೇಲೆ ಬೀಳುವ ಹೊಣೆ ಯಾವುದು ಎಂಬುದನ್ನು ಕುರಿತು ಒಂದೆರಡು ಮಾತು ಹೇಳಬಯಸುತ್ತೇನೆ.

ನಂಜನಗೂಡಿನವರಾದ ನಮಗೆ ಒಂದು ರಾತ್ರಿಯ ಅತಿಥಿಗಳ ಪರಿಚಯ ಚೆನ್ನಾಗಿದೆ. ದೊಡ್ಡ ಜಾತ್ರೆಯಲ್ಲಿ ಐದು ತೇರುಗಳನ್ನು ಎಳೆಯುವ ದಿನ ಜನ ಸಾಗರದಂತೆ ಬರುತ್ತಾರೆ. ಕಪಿಲೆಯಲ್ಲಿ ಮಿಂದು, ಮುಡಿ ಕೊಟ್ಟು, ಶ್ರೀಕಂಠೇಶ್ವರನ ದರ್ಶನ ಪಡೆದು, ಛತ್ರದಲ್ಲೋ ಗುಡಿಯ ಮುಂದಣ ಬಯಲಲ್ಲೋ ಮಲಗಿ, ಮರುದಿನ ಹೊರಟುಬಿಡುತ್ತಾರೆ. ಅವರು ಮಿಂದ ನೀರೂ ಅವರ ಹಾಗೆಯೇ ಮುಂದೆ ಸಾಗಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಹರಿಯುವ ಹೊಳೆಯ ದಡದಲ್ಲಿ ಬೆಳೆದವರು ನೀರನ್ನು ಎಣಿಸಿ ಬಳಸುವ ಅಭ್ಯಾಸವನ್ನು ಇಟ್ಟುಕೊಂಡಿರುವುದಿಲ್ಲ.

1994ರಲ್ಲಿ ಜಾತ್ರೆಯ ಗದ್ದಲವೆಲ್ಲ ಮುಗಿದ ಮೇಲೆ ನಾನು ಮೋಟಾರ್ ಸೈಕಲ್ಲಿನಲ್ಲಿ ಗೋಕರ್ಣಕ್ಕೆ ಹೊರಟೆ. ಗಾಡಿ ಮೈಸೂರಿನದೇ. ಯಾದವಗಿರಿಯಲ್ಲಿ 1960ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ಪರವಾನಗಿಯಿಂದ ಮೊದಲು ಜಾವಾ ಗಾಡಿಗಳನ್ನೂ ಆಮೇಲೆ ಯೆಜ್ಡಿ ಎಂಬ ಹೆಸರಿನವನ್ನೂ ತಯಾರಿಸಿತು. 1996ರಲ್ಲಿ ಅದು ಮುಚ್ಚಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸಬೇಕಾದ, ಒದ್ದು ಚಾಲೂ ಮಾಡುವ ಕೋಲೇ ಗೇರ್ ಬದಲಿಸುವ ಕೋಲೂ ಆಗುವ ಆ ಗಾಡಿಯನ್ನು ಹಳೆಯ ಮೈಸೂರಿನ ಎಷ್ಟೋ ಮಂದಿ ಬಲ್ಲರು. ಹುಣಸೂರು, ಮಡಿಕೇರಿ, ಸಂಪಾಜೆ ಘಟ್ಟ, ಮಂಗಳೂರು. ಅಲ್ಲಿಂದ ಮುಂದೆ ಆಗ 17 ಎಂಬ ಸಂಖ್ಯೆಯಿದ್ದು ಈಗ 66 ಆಗಿರುವ ಹೆದ್ದಾರಿ. ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟೆಗಳನ್ನು ಹಾಯ್ದು ಸುಮಾರು 500 ಕಿಲೋಮೀಟರ್ ದಾರಿ. ನಡುವೆ ನೇತ್ರಾವತಿ, ಶರಾವತಿ, ಅಘನಾಶಿನಿ. ಗಾಡಿಯ ಮೇಲೆ ಕುಳಿತವನಿಗೆ ನದಿಯೆಂದರೆ ಸೇತುವೆಯ ಮೇಲಿನ ಅರೆನಿಮಿಷದ ತಂಪುಗಾಳಿ, ಅಷ್ಟೇ.

ಎರಡು ರಾತ್ರಿಗೆಂದು ಹೋದವನು ನಲವತ್ತು ದಿನ ಉಳಿದೆ. ದೊಡ್ಡ ಕಾರಣವೇನೂ ಇರಲಿಲ್ಲ. ಪ್ರತಿದಿನ ಬೆಳಗ್ಗೆಯೂ ನಾಳೆ ಹೊರಟರಾಯಿತು ಎನಿಸುತ್ತಿತ್ತು. ಕಡಲಿಗೆ ಮುನ್ನೂರು ಹೆಜ್ಜೆ ದೂರದ ಒಂದು ಹಂಚಿನ ಮನೆಯಲ್ಲಿ ಜಗಲಿಯ ಪಕ್ಕದ ಕೋಣೆ ನನಗೆ ದೊರೆತಿತ್ತು. ಮೊದಲೆರಡು ದಿನ ಮನೆಯ ಹಿರಿಯಾಕೆ ತಾನೇ ನೀರು ಸೇದಿ, ಹಂಡೆಯಲ್ಲಿ ಕಾಯಿಸಿ ಕೊಟ್ಟಳು. ಮೂರನೆಯ ದಿನ ಬೆಳಗ್ಗೆ ಹಗ್ಗವನ್ನೂ ಕೊಡವನ್ನೂ ನನ್ನ ಕೈಗಿತ್ತಳು.

“ತಮಾ, ಇನ್ನು ನೀನೇ ಸೇದಿಕೊ. ಬೆಳಗ್ಗೆ ನಾಲ್ಕು ಕೊಡ, ಸಂಜೆಗೆ ಎರಡು. ಹೆಚ್ಚು ಸೇದಿದ್ರೆ ಬಾವಿ ಉಪ್ಪಾಗ್ತದೆ.”

“ಬಾವಿಯಲ್ಲಿ ಬೇಕಾದಷ್ಟು ನೀರಿದೆಯಲ್ಲ, ಅಮ್ಮಾ?”

“ನೀರು ಇದೆ. ಸಿಹಿ ಇರೂದು ಮೇಲೆ ಮಾತ್ರ.”

ಆಕೆಯ ಮಾತು ಜಲವಿಜ್ಞಾನಕ್ಕೆ ಪೂರ್ತಿಯಾಗಿ ಒಪ್ಪುವಂಥದು. ಕಡಲಂಚಿನ ಮರಳಿನಲ್ಲಿ ಇಂಗಿದ ಮಳೆಯ ನೀರು, ತನಗಿಂತ ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ನೂರು ವರ್ಷಗಳಿಗೂ ಹಿಂದೆಯೇ ಹಾಲೆಂಡಿನ ಮತ್ತು ಜರ್ಮನಿಯ ಇಂಜಿನಿಯರುಗಳು ಇದರ ಲೆಕ್ಕವನ್ನು ಕಂಡುಹಿಡಿದರು. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 1 ಅಡಿ ಮೇಲಿದ್ದರೆ, ಸಮುದ್ರಮಟ್ಟದ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರು ಇರುತ್ತದೆ. ಈ ಲೆಕ್ಕದ ಇನ್ನೊಂದು ಮುಖ ಭಯಂಕರವಾದುದು. ಮೇಲಿನ ಮಟ್ಟ 1 ಅಡಿ ಇಳಿದರೆ, ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ 40 ಅಡಿ ಏರಬಲ್ಲದು. ಬೇಸಗೆಯಲ್ಲಿ ಅವಸರದಿಂದ ಸೇದಿದ ಬಾವಿ ಬತ್ತುವ ಮೊದಲೇ ಉಪ್ಪಾಗುವುದು ಹೀಗೆ. ಒಮ್ಮೆ ಒಳಗೆ ಬಂದ ಉಪ್ಪು ಹೊರಗೆ ಹೋಗಬೇಕಾದರೆ ಮಳೆಗಾಲವನ್ನು ಕಾಯಬೇಕು. ಕೆಲವೆಡೆ ಒಂದು ಮಳೆಗಾಲವೂ ಸಾಲದು.

ಅದೇ ಉಪ್ಪು ಕೆಲವು ಮೈಲಿಗಳಾಚೆ ಅನ್ನವೂ ಆಗುತ್ತದೆ. ಅಘನಾಶಿನಿಯ ಅಳಿವೆಯ ಬಳಿಯ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸಿ, ಬಿಸಿಲಿನಲ್ಲಿ ಗಟ್ಟಿಮಾಡಿ, ಕೊನೆಗೆ ಹರಳುಗಟ್ಟಿದ ಉಪ್ಪನ್ನು ಬಾಚಿ ರಾಶಿ ಹಾಕುತ್ತಾರೆ. ಸುತ್ತಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಅಲ್ಲಿಂದ ದೂರವಿಲ್ಲದ ಅಂಕೋಲೆ 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಸರಾಯಿತು. ಅಣೆಕಟ್ಟಿಲ್ಲದೆ ಹರಿದುಬರುವ ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರೆತಿದೆ. ಉಪ್ಪಿಗೆ ಒಂದು ಸ್ಥಳ, ಸಿಹಿಗೆ ಒಂದು ಸ್ಥಳ. ಎರಡರ ನಡುವಣ ಗೆರೆಯನ್ನು ಕಾಯುವುದರಲ್ಲಿಯೇ ಆ ಸೀಮೆಯ ಬದುಕೆಲ್ಲ ನಡೆದಿದೆ. ಹಾದುಹೋಗುವವನಿಗೆ ಆ ಗೆರೆ ಕಾಣುವುದಿಲ್ಲ. ನನಗೆ ಅದು ಕಂಡದ್ದು ಕೊಡ ಎಣಿಸತೊಡಗಿದ ಮೇಲೆ.

ಗೋಕರ್ಣದ ಸ್ಥಳಪುರಾಣವೂ ನಿಂತುಹೋದ ಒಂದು ಪ್ರಯಾಣದ ಕಥೆಯೇ. ಲಂಕೆಗೆ ಹೊರಟ ರಾವಣ ಸಂಧ್ಯಾವಂದನೆಗಾಗಿ ಆತ್ಮಲಿಂಗವನ್ನು ಬಾಲಕನೊಬ್ಬನ ಕೈಗೆ ಕೊಟ್ಟ. ಬಾಲಕನಾಗಿ ಬಂದಿದ್ದ ಗಣಪತಿ ಅದನ್ನು ನೆಲಕ್ಕಿಟ್ಟ. ರಾವಣನ ಬಲವೆಲ್ಲ ಸೇರಿದರೂ ಅದು ಏಳಲಿಲ್ಲ. ನಮ್ಮ ನಂಜುಂಡನ ಕಥೆಯಲ್ಲಿ ವಿಷ ಕಂಠದಲ್ಲಿಯೇ ನಿಂತಿತು. ಎರಡು ಊರುಗಳೂ ನಿಂತುದನ್ನು ಪೂಜಿಸುತ್ತವೆ. ನಿಲ್ಲುವುದಕ್ಕೂ ಒಂದು ತಾಳ್ಮೆ ಬೇಕೆಂಬುದನ್ನು ಆ ಸೀಮೆಯ ಸಾಹಿತಿಗಳೂ ಬಲ್ಲವರಾಗಿದ್ದರು. ಗೌರೀಶ ಕಾಯ್ಕಿಣಿಯವರು (1912–2002) ಗೋಕರ್ಣದ ಶಾಲೆಯಲ್ಲಿ ಪಾಠ ಹೇಳುತ್ತ, ಅಲ್ಲಿಂದಲೇ ಹಲವು ಭಾಷೆಗಳ ಸಾಹಿತ್ಯವನ್ನು ಓದಿ ಕನ್ನಡಕ್ಕೆ ಅದರ ಸಾರವನ್ನು ಕೊಟ್ಟರು. ಹತ್ತಿರದ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ನೆಲೆಸಿದರೂ ಕಥೆಗಳಲ್ಲಿ ಮತ್ತೆ ಮತ್ತೆ ಆ ಹಳ್ಳಿಗೇ ಹಿಂದಿರುಗಿದರು. ಒಬ್ಬರು ಊರಲ್ಲಿದ್ದು ಲೋಕವನ್ನು ಕಂಡರು. ಇನ್ನೊಬ್ಬರು ದೂರವಿದ್ದು ಊರನ್ನು ಕಂಡರು. ಇಬ್ಬರಿಗೂ ಊರೆಂಬುದು ನೋಡಿ ಮುಗಿಸುವ ವಸ್ತುವಾಗಿರಲಿಲ್ಲ.

ಈಗ ಕುಡ್ಲೆ, ಓಂ ಮೊದಲಾದ ತೀರಗಳಿಗೆ ಬಂದು ವಾರಗಟ್ಟಲೆ ಉಳಿಯುವವರು ಅನೇಕರು. ಮೋಟಾರ್ ಸೈಕಲ್ಲುಗಳ ಸಾಲು ಅಲ್ಲಿ ಹೊಸತಲ್ಲ. ಬರಬಾರದೆಂದು ಹೇಳುವ ಅಧಿಕಾರ ನನಗಿಲ್ಲ. ಆ ಬರವಿನಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಆದರೆ ನಲ್ಲಿ ತಿರುಗಿಸಿದೊಡನೆ ನೀರು ಬರುವ ಕೋಣೆಯಲ್ಲಿ ಕೊಡದ ಲೆಕ್ಕ ಮರೆಯಾಗುತ್ತದೆ. ಹಗ್ಗ ಹಿಡಿದ ಕೈಗೆ ಬಾವಿಯ ಆಳ ಇಳಿಯುತ್ತಿರುವುದು ದಿನದಿನವೂ ತಿಳಿಯುತ್ತದೆ. ಗುಂಡಿ ಒತ್ತಿ ಪಂಪು ನಡೆಸುವ ಬೆರಳಿಗೆ ಅದು ತಿಳಿಯುವುದಿಲ್ಲ. ಹಿರಿಯಾಕೆ ಮೂರನೆಯ ದಿನ ನನ್ನ ಕೈಗೆ ಹಗ್ಗ ಕೊಟ್ಟದ್ದರಲ್ಲಿ ಅನಾದರವೇನೂ ಇರಲಿಲ್ಲ. ಅತಿಥಿಯೆಂಬ ಪದವಿ ಮುಗಿಯಿತು, ಇನ್ನು ಮನೆಯ ಲೆಕ್ಕದಲ್ಲಿ ನೀನೂ ಒಬ್ಬ ಎಂದು ಆಕೆ ಹೇಳಿದ ರೀತಿ ಅದು. ಒಂದು ರಾತ್ರಿ ತಂಗುವವನಿಗೆ ನೀರು ಕೊಡುವುದು ಊರಿನ ಧರ್ಮ. ಅದಕ್ಕಿಂತ ಹೆಚ್ಚು ಕಾಲ ನಿಂತವನಿಗೆ, ಆ ನೀರು ಎಲ್ಲಿಂದ ಬಂತು, ಎಷ್ಟು ಉಳಿಯಿತು ಎಂದು ಕೇಳಿ ತಿಳಿಯುವುದು ಧರ್ಮ.